ಬೊಂಬೆಗೆ ಜೀವವಿತ್ತ ಟ್ರನ್ಕಾ

ತೊಗಲುಬೊಂಬೆಯ ರಾಮಾಯಣವನ್ನೂ ಸೂತ್ರದ ಬೊಂಬೆಯ ಹರಿಶ್ಚಂದ್ರನ ಕಥೆಯನ್ನೂ ಬಲ್ಲ ಕಾರಿಮಂಗಲ ಸೀಮೆಯ ನಮಗೆ ಚೆಕ್ ದೇಶದ ಯಿರ್ಜಿ ಟ್ರನ್ಕಾ ಅವರು ಪರಕೀಯರೆನಿಸಲಾರರು. 1912ರಲ್ಲಿ ಪಿಲ್ಸೆನ್ ನಗರದಲ್ಲಿ ಜನಿಸಿದ ಇವರಿಗೆ ಶಾಲೆಯಲ್ಲಿ ಚಿತ್ರಕಲೆ ಕಲಿಸಿದವರು ಬೊಂಬೆಯಾಟದ ಪ್ರಸಿದ್ಧ ಕಲಾವಿದರಾದ ಯೋಸೆಫ್ ಸ್ಕೂಪಾ. 1936ರಲ್ಲಿ ಪ್ರಾಗ್‌ನಲ್ಲಿ ತೆರೆದ ಸ್ವಂತ ಬೊಂಬೆಯ ರಂಗಶಾಲೆಯು ಬಹುಕಾಲ ನಡೆಯಲಿಲ್ಲ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತಿದ್ದವರು, ಯುದ್ಧ ಮುಗಿದ ಬಳಿಕ ಚಲಚ್ಚಿತ್ರಕ್ಕೆ ಬಂದರು.

ಆ್ಯಂಡರ್‌ಸನ್ನನ ಚಕ್ರವರ್ತಿ ಮತ್ತು ಹಾಡುಹಕ್ಕಿಯ ಕಥೆಯನ್ನು 1949ರಲ್ಲಿಯೂ, ಷೇಕ್ಸ್‌ಪಿಯರನ ನಡುಬೇಸಗೆಯ ಇರುಳಿನ ಕನಸನ್ನು 1959ರಲ್ಲಿಯೂ ತೆರೆಗೆ ತಂದರು. ಬೊಂಬೆಯನ್ನು ಎಳ್ಳಷ್ಟು ಕದಲಿಸಿ ಒಂದು ಚಿತ್ರ ತೆಗೆಯಬೇಕು, ಮತ್ತೆ ಕದಲಿಸಬೇಕು. ತೆರೆಯ ಮೇಲಿನ ಒಂದು ಸೆಕೆಂಡಿಗೆ 24 ಚಿತ್ರಗಳು! ಆದರೆ ಇವರ ಹಿರಿಮೆ ಬರಿಯ ತಾಳ್ಮೆಯದಲ್ಲ. ಬೊಂಬೆಯ ಮುಖ ಮಾರ್ಪಡುವುದಿಲ್ಲ. ಬೆಳಕು ವಾಲಿದಾಗ, ತಲೆ ತುಸು ತಗ್ಗಿದಾಗ, ಅದೇ ಮುಖದಲ್ಲಿ ದುಃಖವು ಕಾಣುವುದು. ಮಾತಿನ ಮಹಾಕವಿಯ ನಾಟಕವನ್ನು ಬಹುಮಟ್ಟಿಗೆ ಚಲನೆ ಸಂಗೀತಗಳಿಂದಲೇ ತೋರಿಸಿದ್ದು ಸಾಹಸವೇ ಸರಿ. ಕವಿತೆಯು ಅಲ್ಲಿ ಸೊರಗಿತೆಂಬುದನ್ನು ನಾವು ಅಲ್ಲಗಳೆಯೆವು. ಕಥೆಯನ್ನು ಮೊದಲೇ ಬಲ್ಲ ಪ್ರೇಕ್ಷಕನು, ನಮ್ಮ ಹಳ್ಳಿಗರು ರಾಮಾಯಣದಾಟದಲ್ಲಿ ಮಾಡುವಂತೆ, ಆ ಕೊರತೆಯನ್ನು ತಾನೇ ತುಂಬಿಕೊಳ್ಳಬೇಕು.

ಇವರ ಕಡೆಯ ಚಿತ್ರ 1965ರ ‘ಕೈ’. ಕುಂಬಾರನೊಬ್ಬನು ತನ್ನ ಗಿಡಕ್ಕೆ ಕುಂಡ ಮಾಡಬಯಸುವನು. ದೈತ್ಯಾಕಾರದ ಕೈಯೊಂದು ತನ್ನ ವಿಗ್ರಹವನ್ನೇ ಮಾಡೆಂದು ಪೀಡಿಸುವುದು. ಅವನು ಸತ್ತಾಗ ಅದೇ ಕೈ ಮರ್ಯಾದೆಯಿಂದ ಉತ್ತರಕ್ರಿಯೆ ನಡೆಸುವುದು. 1969ರ ಡಿಸೆಂಬರ್ 30ರಂದು ಟ್ರನ್ಕಾ ತೀರಿಕೊಂಡರು. ಸರಕಾರವು ಗೌರವದಿಂದ ಅಂತ್ಯಕ್ರಿಯೆ ನಡೆಸಿತು. ಕೆಲವೇ ತಿಂಗಳಲ್ಲಿ ಆ ಚಿತ್ರವನ್ನು ನಿಷೇಧಿಸಿತು.