ಪರಮಾಣು ವಿಜ್ಞಾನಿ ಡಾ. ರಾಜಾ ರಾಮಣ್ಣ

ಮಕ್ಕಳೇ, ಭಾರತದ ಮೊದಲ ಪರಮಾಣು ಪರೀಕ್ಷೆಯ ಮುಂದಾಳು ಯಾರು ಗೊತ್ತೆ? ನಮ್ಮ ಕರ್ನಾಟಕದವರೇ ಆದ ಡಾ. ರಾಜಾ ರಾಮಣ್ಣ.

ಅವರು 1925ರ ಜನವರಿ 28ರಂದು ತುಮಕೂರು ಜಿಲ್ಲೆಯಲ್ಲಿ ಜನಿಸಿದರು. ಬೆಂಗಳೂರು, ಮದ್ರಾಸುಗಳಲ್ಲಿ ಓದಿ, ಲಂಡನ್ನಿನಲ್ಲಿ 1948ರಲ್ಲಿ ಪಿಎಚ್.ಡಿ. ಪದವಿ ಪಡೆದರು. ಪಿಯಾನೊ ನುಡಿಸುವುದೆಂದರೆ ಅವರಿಗೆ ಬಲು ಪ್ರೀತಿ. 1949ರಲ್ಲಿ ಹೋಮಿ ಭಾಭಾ ಅವರ ಮುಂಬಯಿಯ ಸಂಸ್ಥೆಯನ್ನು ಸೇರಿ, ಪರಮಾಣುವಿನ ಬೀಜಕೇಂದ್ರ ಒಡೆಯುವ ಕ್ರಿಯೆಯನ್ನು, ಅಂದರೆ ವಿದಳನವನ್ನು ಅಭ್ಯಾಸ ಮಾಡಿದರು. 1972ರಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು.

1974ರ ಮೇ 18ರಂದು ರಾಜಸ್ಥಾನದ ಪೋಖ್ರಾನ್‌ನಲ್ಲಿ, ನೆಲದಡಿ 107 ಮೀಟರ್ ಆಳದಲ್ಲಿ ಪರೀಕ್ಷೆ ನಡೆಯಿತು. ಈ ಕೆಲಸದಲ್ಲಿ ತೊಡಗಿದ್ದ ವಿಜ್ಞಾನಿಗಳು, ಎಂಜಿನಿಯರುಗಳು ಸುಮಾರು 75 ಮಂದಿ ಮಾತ್ರ. ಅವರೆಲ್ಲರೂ ಗುಟ್ಟನ್ನು ಕಾಪಾಡಿದರು.

ಇಷ್ಟೊಂದು ಎಚ್ಚರಿಕೆ ಏಕೆ? ಆ ಪರೀಕ್ಷೆಯಲ್ಲಿ ಬಳಸಿದ್ದು ಪ್ಲುಟೋನಿಯಂ ಎಂಬ ಲೋಹ. ಸುಮಾರು 8 ಕಿಲೊ ಪ್ಲುಟೋನಿಯಂ ಒಂದು ಬಾಂಬಿಗೆ ಸಾಕು ಎಂಬುದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ಲೆಕ್ಕ. ಈ ಲೋಹ ಬಹಳ ಸಾಂದ್ರ. ಆದ್ದರಿಂದ 8 ಕಿಲೊ ಉಂಡೆಯ ಗಾತ್ರ ನಮ್ಮ ಬಾಗಲಕೋಟೆ ಜಿಲ್ಲೆಯ ತೋಟಗಳ ಒಂದು ದೊಡ್ಡ ದಾಳಿಂಬೆಯಷ್ಟೇ! ಇದನ್ನು ತಯಾರಿಸಲು ಪರಮಾಣು ರಿಯಾಕ್ಟರ್ ಬೇಕು, ದೊಡ್ಡ ಕಾರ್ಖಾನೆ ಬೇಕು. ಅದು ಭಯೋತ್ಪಾದಕರ ಕೈಲಾಗದ ಕೆಲಸ. ಆದರೆ ತಯಾರಾದದ್ದನ್ನು ಕದ್ದರೆ? ಅದಕ್ಕೇ ಇಂಥ ವಸ್ತುವನ್ನು ಗ್ರಾಂ ಲೆಕ್ಕದಲ್ಲಿ ತೂಗಿ, ಬರೆದಿಟ್ಟು, ಹಗಲಿರುಳು ಕಾವಲು ಕಾಯುತ್ತಾರೆ.

ಲೋಹಕ್ಕೆ ಬೀಗ ಹಾಕಬಹುದು. ತಲೆಯಲ್ಲಿರುವ ವಿದ್ಯೆಗೆ? 1978ರಲ್ಲಿ ಇರಾಕಿನ ಸದ್ದಾಂ ಹುಸೇನ್ ರಾಮಣ್ಣನವರನ್ನು ತಮ್ಮ ದೇಶದಲ್ಲೇ ಉಳಿದು ಬಾಂಬು ತಯಾರಿಸಿಕೊಡುವಂತೆ ಕೇಳಿದರೆಂದೂ, ಗಾಬರಿಗೊಂಡ ರಾಮಣ್ಣನವರು ಒಪ್ಪದೆ ಮುಂದಿನ ವಿಮಾನದಲ್ಲೇ ಮರಳಿದರೆಂದೂ ವರದಿಯಾಗಿದೆ. ಬೀಗ ಹಾಕಲಾಗದ ವಿದ್ಯೆಗೆ ಅದನ್ನು ಬಲ್ಲವರ ವಿವೇಕವೇ ಕಾವಲು.

ರಾಮಣ್ಣನವರು 1983ರಲ್ಲಿ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾದರು. 1990ರಲ್ಲಿ ಕೇಂದ್ರದ ರಕ್ಷಣಾ ರಾಜ್ಯ ಸಚಿವರಾದರು. 2004ರ ಸೆಪ್ಟೆಂಬರ್ 24ರಂದು ಮುಂಬಯಿಯಲ್ಲಿ ನಿಧನರಾದರು.

ನಿಮಗಿದು ಗೊತ್ತೆ?
ಪರಮಾಣು ಭಯೋತ್ಪಾದನೆಯನ್ನು ತಡೆಯಲು ವಿಶ್ವಸಂಸ್ಥೆ 2005ರಲ್ಲಿ ಒಪ್ಪಂದವೊಂದನ್ನು ಅಂಗೀಕರಿಸಿತು. ಅದು 2007ರಲ್ಲಿ ಜಾರಿಗೆ ಬಂತು. ಭಾರತವೂ ಇದಕ್ಕೆ ಸೇರಿದೆ.

ಮಾಡಿ ನೋಡಿ
ನಿಮ್ಮ ಶಾಲೆಯ ವಿಜ್ಞಾನ ಕಿಟ್‌ನ ವಸ್ತುಗಳನ್ನು ಗುರುಗಳ ನೆರವಿನಿಂದ ಎಣಿಸಿ, ದಾಸ್ತಾನು ಪುಸ್ತಕದೊಂದಿಗೆ ತಾಳೆ ನೋಡಿ. ಲೆಕ್ಕ ಸರಿಹೋಯಿತೆ? ಒಂದು ವಸ್ತು ಕಡಿಮೆಯಾದರೆ ಅದು ಯಾವಾಗ, ಯಾರ ಕೈಯಿಂದ ಹೋಯಿತೆಂದು ಹೇಗೆ ಪತ್ತೆ ಮಾಡುವಿರಿ? ಗುಂಪಿನಲ್ಲಿ ಚರ್ಚಿಸಿ.