ಆಟವನ್ನೇ ವಿದ್ಯೆಯಾಗಿಸಿದ ಅರಸರು



ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಪಿ.ಯು.ಸಿ. ಮುಗಿಸಿ, ತನಗೆ ಇಂಜಿನಿಯರಿಂಗೂ ಬೇಡ, ನರ್ಸಿಂಗೂ ಬೇಡ, ಕಂಪ್ಯೂಟರಿನಲ್ಲಿ ಆಟಗಳನ್ನು ತಯಾರಿಸುವ ಕೆಲಸ ಕಲಿಯಬೇಕು ಎಂದು ಹಟ ಹಿಡಿದರೆ ನೀವು ಏನು ಮಾಡುವಿರಿ? ಆಟದಿಂದ ಹೊಟ್ಟೆ ತುಂಬುತ್ತದೆಯೇ ಎಂದು ಗದರುವವರೇ ಹೆಚ್ಚು. ನಂಜನಗೂಡಿರಲಿ, ತಿ. ನರಸೀಪುರವಿರಲಿ, ಕೈಯಲ್ಲಿ ಮೊಬೈಲ್ ಹಿಡಿದು ಕೂತ ಮಕ್ಕಳನ್ನು ಕಂಡು ತಂದೆತಾಯಿಯರಿಗೆ ಆತಂಕವಾಗುವುದು ಸಹಜ. ಆದರೆ ಗದರುವ ಮೊದಲು, ನಮ್ಮ ಈ ಸೀಮೆಯನ್ನೇ ಆಳಿದ ಒಬ್ಬ ಅರಸರ ಬಾಳನ್ನು ಸ್ವಲ್ಪ ನೋಡೋಣ ಬನ್ನಿ. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು.

ಅವರ ಹೆಸರು ನಿಮಗೆ ಹೊಸದಲ್ಲ. ನಂಜನಗೂಡಿನ ಶ್ರೀಕಂಠೇಶ್ವರ ದೇವಸ್ಥಾನದ ಏಳು ಅಂತಸ್ತಿನ ಗೋಪುರವನ್ನು ಕಟ್ಟಿಸಿದವರು ಅವರ ರಾಣಿ ದೇವಾಜಮ್ಮಣ್ಣಿಯವರು. ಮೈಸೂರಿನಲ್ಲಿ ಇಂದು ಸಂತ ಫಿಲೋಮಿನಾ ಪ್ರಧಾನಾಲಯ ನಿಂತಿರುವ ಸ್ಥಳದಲ್ಲಿ 1843ರಲ್ಲಿ ಮೊದಲ ಚರ್ಚ್ ಕಟ್ಟಿಸಿಕೊಟ್ಟವರು ಇದೇ ಅರಸರು. ಈಗಿನ ಭವ್ಯ ಕಟ್ಟಡದ ಕೆಲಸ ಆರಂಭವಾದದ್ದು 1933ರಲ್ಲಿ, ನಾಲ್ವಡಿಯವರ ಕಾಲದಲ್ಲಿ.

ಮುಮ್ಮಡಿಯವರು ಹುಟ್ಟಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಆಗ ರಾಜ್ಯ ಟಿಪ್ಪು ಸುಲ್ತಾನನ ಕೈಯಲ್ಲಿತ್ತು; ಒಡೆಯರ ಮನೆತನಕ್ಕೆ ಹೆಸರಿತ್ತೇ ಹೊರತು ಅಧಿಕಾರವಿರಲಿಲ್ಲ. 1799ರ ಮೇ 4ರಂದು ಟಿಪ್ಪು ಮಡಿದ. ಜೂನ್ 30ರಂದು ಇಂಗ್ಲಿಷರು ಐದು ವರ್ಷದ ಈ ಮಗುವನ್ನು ಸಿಂಹಾಸನದ ಮೇಲೆ ಕೂರಿಸಿದರು. ರಾಣಿ ಲಕ್ಷ್ಮಮ್ಮಣ್ಣಿಯವರು ಮಗುವನ್ನು ನೋಡಿಕೊಂಡರು, ದಿವಾನ್ ಪೂರ್ಣಯ್ಯನವರು ರಾಜ್ಯವನ್ನು ನೋಡಿಕೊಂಡರು. ಹದಿನಾರು ತುಂಬಿದ ಬಳಿಕ ಅರಸರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು.

ಮುಂದಿನ ಇಪ್ಪತ್ತು ವರ್ಷಗಳ ಕಥೆಯನ್ನು ಮುಚ್ಚಿಡುವುದು ಬೇಡ. ಅರಸರು ಉದಾರಿಗಳು, ಕೈ ಬಿಗಿಹಿಡಿಯುವವರಲ್ಲ. ಖರ್ಚು ಏರಿತು, ಸಾಲ ಬೆಳೆಯಿತು, ಕಂದಾಯದ ಹೊರೆ ರೈತರ ಬೆನ್ನ ಮೇಲೆ ಬಿತ್ತು. 1830ರಲ್ಲಿ ನಗರ ಸೀಮೆಯ ರೈತರು ದಂಗೆಯೆದ್ದರು. ಇದನ್ನೇ ಕಾರಣವಾಗಿಟ್ಟುಕೊಂಡು 1831ರಲ್ಲಿ ಇಂಗ್ಲಿಷರು ಆಡಳಿತವನ್ನು ಕಿತ್ತುಕೊಂಡು ಕಮಿಷನರುಗಳಿಗೆ ಒಪ್ಪಿಸಿದರು. ಅರಸರಿಗೆ ಉಳಿದದ್ದು ಅರಮನೆ, ವರ್ಷಕ್ಕೆ ಮೂರೂವರೆ ಲಕ್ಷ ರೂಪಾಯಿ ಮತ್ತು ಕಂದಾಯದಲ್ಲಿ ಐದನೆಯ ಒಂದು ಪಾಲು. ಆಗ ಅವರ ವಯಸ್ಸು 37.

ಓದುಗರೆ, ಇಲ್ಲಿ ಒಂದು ಕ್ಷಣ ನಿಲ್ಲಿ. ಕೆಲಸ ಕಳೆದುಕೊಂಡವರು ನಿಮ್ಮ ಧರ್ಮಕೇಂದ್ರದಲ್ಲೂ ಇದ್ದಾರು. ಅವರ ಮುಖ ನಿಮಗೆ ಗೊತ್ತು. ಕೈಯಲ್ಲಿ ಸಮಯವಿದೆ, ಮನಸ್ಸಿನಲ್ಲಿ ಅವಮಾನವಿದೆ. ಇಂಥ ಸ್ಥಿತಿಯಲ್ಲಿ ಎಷ್ಟೋ ಜನ ಕುಡಿತಕ್ಕೋ ಜೂಜಿಗೋ ಶರಣಾಗುತ್ತಾರೆ. ಮುಮ್ಮಡಿಯವರ ಮುಂದೆ ಇನ್ನೂ ಮೂವತ್ತಾರು ವರ್ಷಗಳ ಬಾಳು ಇತ್ತು. ರಾಜ್ಯವನ್ನು ಮರಳಿ ಕೊಡಿ ಎಂದು ಅವರು ಮನವಿಯ ಮೇಲೆ ಮನವಿ ಸಲ್ಲಿಸುತ್ತಲೇ ಇದ್ದರು. ಅದರ ನಡುವೆ ಸಮಯವನ್ನು ಮಾತ್ರ ಹಾಳುಮಾಡಲಿಲ್ಲ.

1833ರಲ್ಲಿ ಅವರು ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಅದೇ ಬೆಳೆದು ಮುಂದೆ ಮಹಾರಾಜ ಕಾಲೇಜಾಯಿತು. ಅಂದಿಗೆ ಹೊಚ್ಚಹೊಸ ಯಂತ್ರವಿದ್ಯೆಯಾಗಿದ್ದ ಕಲ್ಲಚ್ಚಿನ ಮುದ್ರಣವನ್ನು ಅರಮನೆಗೆ ತಂದು ಅಂಬಾವಿಲಾಸ ಮುದ್ರಣಾಲಯ ನಡೆಸಿದರು. ಪಂಡಿತರನ್ನೂ ಚಿತ್ರಗಾರರನ್ನೂ ಕೂಡಿಸಿ ಶ್ರೀತತ್ತ್ವನಿಧಿ ಎಂಬ ಬೃಹತ್ ಗ್ರಂಥವನ್ನು ಸಿದ್ಧಪಡಿಸಿದರು. ಅದರಲ್ಲಿ ಒಂಬತ್ತು ಭಾಗಗಳಿವೆ. ಎಂಟು ಭಾಗಗಳು ದೇವತೆಗಳು, ಗ್ರಹಗಳು, ಆಗಮಗಳು ಮುಂತಾದ ಗಂಭೀರ ವಿಷಯಗಳವು. ಕೊನೆಯದು ಕೌತುಕನಿಧಿ. ಅದರ ವಿಷಯ ಏನು ಗೊತ್ತೇ? ಆಟಗಳು!

ಈ ಅರಸರು ಕೇವಲ ಆಡಿದವರಲ್ಲ, ಹೊಸ ಆಟಗಳನ್ನು ಹೂಡಿದವರು. ಚದುರಂಗ, ಪಗಡೆಗಳಲ್ಲಿ ಹೊಸ ಹೊಸ ಮಾದರಿಗಳನ್ನು ರೂಪಿಸಿದರು. ಗಂಜೀಫಾ ಎಂಬ ಬಣ್ಣದ ಎಲೆಗಳ ಆಟ ನಿಮಗೆ ಗೊತ್ತಿರಬಹುದು. ದಶಾವತಾರದ ಗಂಜೀಫಾದಲ್ಲಿ ಹತ್ತು ಬಣ್ಣ, 120 ಎಲೆ. ಮುಮ್ಮಡಿಯವರು ಛದ ಎಂಬ ಹೆಸರಿನಲ್ಲಿ 13 ಬಗೆಯ ಎಲೆಯಾಟಗಳನ್ನು ರೂಪಿಸಿದರು. ಅವುಗಳಲ್ಲಿ ದೊಡ್ಡವಕ್ಕೆ 360 ಎಲೆಗಳು. ಯಾವ ಎಲೆಯ ಮೇಲೆ ಯಾವ ದೇವತೆ, ಯಾವ ವಾಹನ, ಯಾವ ಬಣ್ಣ ಎಂಬುದೆಲ್ಲ ಲೆಕ್ಕಾಚಾರದಿಂದ ಗೊತ್ತುಮಾಡಿದ್ದು. 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಈ ಆಟಗಳ ಮನೆಗಳನ್ನು ಚಿತ್ರಿಸಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಎಲ್ಲಕ್ಕಿಂತ ಅವರಿಗೆ ಮೋಹ ಹಿಡಿಸಿದ್ದು ಚದುರಂಗದ ಕುದುರೆ. ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ ತಿರುಗುತ್ತದೆ. ಅದು 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮುಟ್ಟಬೇಕು. ಮುಟ್ಟಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಬರೆಯುತ್ತಾ ಹೋಗಿ. ಆ ಅಂಕಿಗಳ ಒಟ್ಟು ಮೊತ್ತ 2080. ಅಡ್ಡಸಾಲು, ಉದ್ದಸಾಲು ಎಲ್ಲವನ್ನೂ ಕೂಡಿದರೆ ಒಂದೇ ಮೊತ್ತ ಬರಬೇಕಾದರೆ, ಪ್ರತಿ ಸಾಲಿಗೂ 260 ಆಗಬೇಕು. ಕುದುರೆಯನ್ನು ಹೀಗೆ ನಡೆಸುತ್ತಲೇ ಮೊತ್ತವನ್ನೂ ಸರಿದೂಗಿಸುವ ಕಠಿಣ ಕೆಲಸಕ್ಕೆ ಅರಸರು ಕೈಹಾಕಿದರು. ಎಂಟು ಮನೆಯ ಮಣೆ ಸಾಲದೆ, ಹನ್ನೆರಡು ಮನೆಯ ಮಣೆಯ ಮೇಲೂ ಕುದುರೆ ನಡೆಸಿದರು. ಗಣಿತ ಬಲ್ಲವರು ಇಂದಿಗೂ ಅವರ ಹೆಸರನ್ನು ನೆನೆಯುತ್ತಾರೆ. ಎಂಟು ಮನೆಯ ಮಣೆಯಲ್ಲಿ ಮೂಲೆಯಿಂದ ಮೂಲೆಗೆ ಹೋಗುವ ಎರಡು ಸಾಲುಗಳೂ 260 ಆಗುವಂತೆ ಕುದುರೆಯನ್ನು ನಡೆಸಲು ಸಾಧ್ಯವೇ ಇಲ್ಲವೆಂದು ಖಚಿತವಾದದ್ದು 2003ರಲ್ಲಿ. ಅದೂ ಕಂಪ್ಯೂಟರು ಸುಮಾರು ಎರಡು ತಿಂಗಳು ಲೆಕ್ಕಹಾಕಿದ ಮೇಲೆ!

ಅರಸರಿಗೆ ರಾಜ್ಯ ಮರಳಲಿಲ್ಲ. 1865ರಲ್ಲಿ ಅವರು ಪುಟ್ಟ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಆ ದತ್ತಕಕ್ಕೆ ಇಂಗ್ಲಿಷರು ಎರಡು ವರ್ಷಗಳ ನಂತರ ಒಪ್ಪಿದರು. 1868ರ ಮಾರ್ಚ್ 27ರಂದು ಮುಮ್ಮಡಿಯವರು ತೀರಿಕೊಂಡರು. ಅವರ ಮನವಿಗಳ ಫಲ ಮಗನಿಗೆ ದಕ್ಕಿತು: 1881ರಲ್ಲಿ ರಾಜ್ಯ ಒಡೆಯರ ಮನೆತನಕ್ಕೆ ಹಿಂದಿರುಗಿತು.

ಅವರ ಆಟಗಳು ಬಹಳ ಕಾಲ ಮೂಲೆಗುಂಪಾಗಿದ್ದವು. ಈಚೆಗೆ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಹಳೆಯ ಆಟದ ಮಣೆಗಳನ್ನು ಮತ್ತೆ ಮಾಡಿಸಿ ಕ್ರೀಡಾ ಕೌಶಲ್ಯ ಎಂಬ ಪ್ರದರ್ಶನದಲ್ಲಿ ಜನರ ಮುಂದಿಡುತ್ತಾ ಬಂದಿದ್ದಾರೆ. ಕಲಾವಿದ ರಘುಪತಿ ಭಟ್ಟರು ಗಂಜೀಫಾ ಚಿತ್ರಕಲೆಗೆ ಹೊಸ ಜೀವ ಕೊಟ್ಟಿದ್ದಾರೆ.

ಇನ್ನು ನಿಮ್ಮ ಮನೆಯ ಮಾತಿಗೆ ಬರೋಣ. ಆಟ ಆಡುವುದು ಬೇರೆ, ಆಟ ಕಟ್ಟುವುದು ಬೇರೆ. ಆ ಅರಮನೆಯಲ್ಲಿ ಒಂದು ಆಟ ಹುಟ್ಟಬೇಕಾದರೆ ಲೆಕ್ಕ ಬಲ್ಲವರು, ಕಥೆ ಬಲ್ಲ ಪಂಡಿತರು, ಚಿತ್ರಗಾರರು ಒಟ್ಟಿಗೆ ಕೂರಬೇಕಿತ್ತು. ಇಂದಿನ ಕಂಪ್ಯೂಟರ್ ಆಟಕ್ಕೂ ಬೇಕಾದವರು ಇಂಥವರೇ. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆಂದೇ ನಮ್ಮ ರಾಜ್ಯ ಸರ್ಕಾರ 2012ರಲ್ಲಿ ದೇಶದಲ್ಲೇ ಮೊದಲ ಬಾರಿಗೆ ನೀತಿಯೊಂದನ್ನು ತಂದಿತು. ಆದ್ದರಿಂದ ಮಗ ಅಥವಾ ಮಗಳು ಕೇಳಿದಾಗ ಒಂದೇ ಮಾತಿಗೆ ಬೇಡವೆನ್ನದೆ, ಗಣಿತವೋ ಚಿತ್ರವೋ ಬರವಣಿಗೆಯೋ, ಯಾವುದನ್ನು ಶ್ರಮಪಟ್ಟು ಕಲಿಯಲು ಸಿದ್ಧವೆಂದು ವಿಚಾರಿಸಿ. ಉತ್ತರ ಹೇಳಲು ತಡವರಿಸಿದರೆ, ಅದು ಇನ್ನೂ ಆಡುವ ಚಪಲವೇ ಇರಬಹುದು.

ಹಣ ಕಟ್ಟಿ ಆಡುವ ಆಟದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಎಷ್ಟೋ ಮನೆಗಳು ಅದರಿಂದ ಸಾಲಕ್ಕೆ ಬಿದ್ದಿವೆ. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಹಣದಾಟವನ್ನು ನಿಷೇಧಿಸುವ ಕಾನೂನು ಮಾಡಿತು. ಅದೇ ಕಾನೂನು ಇ-ಸ್ಪೋರ್ಟ್ಸ್‌ಗೆ ಪ್ರೋತ್ಸಾಹವನ್ನೂ ಕೊಡುತ್ತದೆ. ಸಾಲ ಒಬ್ಬ ಅರಸರನ್ನೇ ಸಿಂಹಾಸನದಿಂದ ದೂರಮಾಡಿತು ಎಂಬುದನ್ನು ಮಕ್ಕಳಿಗೆ ಮರೆಯದೆ ಹೇಳಿ.

ಈ ಭಾನುವಾರ ಮಧ್ಯಾಹ್ನ ಒಂದು ಕೆಲಸ ಮಾಡಿ. ಟಿ.ವಿ., ಮೊಬೈಲ್ ಬದಿಗಿಟ್ಟು, ಕಾಗದದ ಮೇಲೆ 64 ಮನೆ ಬರೆದು, ಮನೆಯವರೆಲ್ಲ ಸುತ್ತ ಕೂತು ಕುದುರೆ ನಡೆಸಿ ನೋಡಿ. 1823ರಲ್ಲಿ ವಾರ್ನ್ಸ್‌ಡಾರ್ಫ್ ಎಂಬ ಜರ್ಮನ್ ಪಂಡಿತ ತಿಳಿಸಿದ ಒಂದು ಸುಲಭ ಉಪಾಯವಿದೆ: ಮುಂದಕ್ಕೆ ಹೋಗಲು ಅತಿ ಕಡಿಮೆ ದಾರಿಗಳಿರುವ ಮನೆಗೇ ಮೊದಲು ಕುದುರೆಯನ್ನು ಇಡಬೇಕು. ಅಂಚಿನ, ಮೂಲೆಯ ಮನೆಗಳನ್ನು ಆಮೇಲೆ ನೋಡಿಕೊಳ್ಳೋಣವೆಂದು ಬಿಟ್ಟರೆ ಕೊನೆಗೆ ಅವು ಸಿಗುವುದಿಲ್ಲ. ಸಂಸಾರದಲ್ಲೂ ಅಷ್ಟೇ ಅಲ್ಲವೇ? ಮೂಲೆಯಲ್ಲಿ ಒಬ್ಬರೇ ಕೂತವರನ್ನು ಮೊದಲು ಮಾತನಾಡಿಸಿ.