ಸಾಂಟಾ ರೋಸಾದ ಕಸಿಗಾರ ಲೂಥರ್ ಬರ್ಬ್ಯಾಂಕ್

ಮಕ್ಕಳೇ, ಜನವರಿ ಬಂತೆಂದರೆ ನಮ್ಮ ಕ್ಯಾಲಿಫೋರ್ನಿಯಾದ ಎಷ್ಟೋ ಊರುಗಳಲ್ಲಿ ತೋಟಗಾರಿಕೆ ಕ್ಲಬ್‌ನವರು ಹಣ್ಣಿನ ಮರದ ಕಡ್ಡಿಗಳನ್ನು ಹಂಚಿಕೊಳ್ಳಲು ಸೇರುತ್ತಾರೆ. ಎಲೆ ಉದುರಿ ಮರಗಳು ನಿದ್ದೆ ಮಾಡುವ ಕಾಲ ಅದು. ಮರ ಇರುವವರು ಪೆನ್ಸಿಲ್ ದಪ್ಪದ ಕಡ್ಡಿಗಳನ್ನು ಕತ್ತರಿಸಿ, ಒದ್ದೆ ಕಾಗದದಲ್ಲಿ ಸುತ್ತಿ, ಹೆಸರು ಬರೆದು ತಂದಿಡುತ್ತಾರೆ. ಬೇಕಾದವರು ತಗೊಂಡು ಹೋಗಿ ತಮ್ಮ ಗಿಡಕ್ಕೆ ಕಸಿ ಕಟ್ಟುತ್ತಾರೆ. ಈ ವರ್ಷ ನಾನೂ ಮಗಳೂ ಹೋಗಿದ್ದೆವು. ನಮಗೆ ಸಿಕ್ಕಿದ್ದು ಸಾಂಟಾ ರೋಸಾ ಪ್ಲಮ್ ಕಡ್ಡಿ. ವಾಪಸ್ ಬರುವಾಗ ಕಾರಿನಲ್ಲಿ ಮಗಳು ಕೇಳಿದಳು: ಈ ಹಣ್ಣನ್ನು ಮೊದಲು ಮಾಡಿದ್ದು ಯಾರು, ಅವರಿಗೆ ನಾವು ದುಡ್ಡು ಕೊಡಬೇಡವಾ ಅಂತ. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಲೂಥರ್ ಬರ್ಬ್ಯಾಂಕ್ ಅವರ ಕಥೆ.

ಬರ್ಬ್ಯಾಂಕ್ ಹುಟ್ಟಿದ್ದು 1849ರ ಮಾರ್ಚ್ 7ರಂದು, ಮ್ಯಾಸಚೂಸೆಟ್ಸ್‌ನ ಲ್ಯಾಂಕಾಸ್ಟರ್‌ನಲ್ಲಿ. ದೊಡ್ಡ ರೈತ ಕುಟುಂಬ. ಕಾಲೇಜು ಓದಲಿಲ್ಲ. ಡಾರ್ವಿನ್ ಬರೆದ ಪುಸ್ತಕ ಓದಿ ಗಿಡಗಳನ್ನು ಬದಲಾಯಿಸುವ ಹುಚ್ಚು ಹಿಡಿಯಿತು. ಆಲೂಗಡ್ಡೆಯನ್ನು ಸಾಮಾನ್ಯವಾಗಿ ಗಡ್ಡೆಯ ಹೋಳಿನಿಂದಲೇ ಬೆಳೆಸುತ್ತಾರೆ, ಅದಕ್ಕೇ ಹೊಸ ಗಿಡ ಹಳೆಯದರಂತೆಯೇ ಇರುತ್ತೆ. ಒಂದು ದಿನ ಅವರ ಹೊಲದ ಆಲೂಗಿಡದಲ್ಲಿ ಅಪರೂಪಕ್ಕೆ ಒಂದು ಬೀಜದ ಕಾಯಿ ಬಿಟ್ಟಿತ್ತು. ದಿನಾ ಹೋಗಿ ನೋಡುತ್ತಿದ್ದರು. ಹಣ್ಣಾಗುವ ಹೊತ್ತಿಗೆ ನೋಡಿದರೆ ಕಾಯಿ ಮಾಯ! ಮಣ್ಣಿನಲ್ಲಿ ಹುಡುಕಿ ಹುಡುಕಿ ಕೊನೆಗೂ ಪತ್ತೆ ಹಚ್ಚಿದರು. ಅದರಲ್ಲಿದ್ದ 23 ಬೀಜ ಬಿತ್ತಿದಾಗ ಒಂದು ಗಿಡದಲ್ಲಿ ದೊಡ್ಡ, ನುಣುಪಾದ ಗಡ್ಡೆ ಬಂತು. ನೀವು ತಿನ್ನುವ ಫ್ರೆಂಚ್ ಫ್ರೈಸ್‌ನ ಆಲೂಗಡ್ಡೆ ಬಹುಪಾಲು ಇದೇ ವಂಶದ್ದು. ಆದರೆ ಅದರ ಹಕ್ಕು ಮಾರಿದಾಗ ಅವರಿಗೆ ಸಿಕ್ಕಿದ್ದು 150 ಡಾಲರ್ ಮಾತ್ರ. 1875ರಲ್ಲಿ ಹತ್ತು ಆಲೂಗಡ್ಡೆ ಜೊತೆಗಿಟ್ಟುಕೊಂಡು ಸಾಂಟಾ ರೋಸಾಕ್ಕೆ ಬಂದರು.

1881ರಲ್ಲಿ ಒಬ್ಬ ಗಿರಾಕಿ ಅದೇ ವರ್ಷದೊಳಗೆ 20,000 ಪ್ರೂನ್ ಗಿಡ ಬೇಕೆಂದರು. ಮಾಮೂಲಿ ದಾರಿಯಲ್ಲಿ ಇದಕ್ಕೆ ಎರಡು ವರ್ಷವಾದರೂ ಬೇಕು. ಬರ್ಬ್ಯಾಂಕ್ ಒಪ್ಪಿಕೊಂಡುಬಿಟ್ಟರು! ಬೇಗ ಮೊಳೆಯುವ ಬಾದಾಮಿ ಬೀಜ ಹಾಕಿದರು. ಬೇಸಿಗೆಯಲ್ಲಿ ಆ ಸಸಿಗಳಿಗೆ ಪ್ರೂನ್ ಮರದ ಕಣ್ಣುಗಳನ್ನು, ಅಂದರೆ ಮೊಗ್ಗುಗಳನ್ನು, ಕಸಿ ಕಟ್ಟಿಸಿದರು. ಕಣ್ಣು ಹಿಡಿದ ಮೇಲೆ ಬಾದಾಮಿಯ ತುದಿಯನ್ನು ಪೂರ್ತಿ ಕತ್ತರಿಸದೆ ಮುರಿದು ಬಗ್ಗಿಸಿದರು. ಬೇರಿಗೆ ಎಲೆಯ ಆಹಾರವೂ ಸಿಕ್ಕಿತು, ಕಣ್ಣೂ ಚಿಗುರಿತು. ಡಿಸೆಂಬರ್ ಹೊತ್ತಿಗೆ ಸುಮಾರು 19,500 ಗಿಡ ಸಿದ್ಧ. ಡೆಡ್‌ಲೈನ್ ಅಂದರೆ ಏನೆಂದು ಗೊತ್ತಿರುವ ನಿಮ್ಮ ಅಪ್ಪ ಅಮ್ಮಂದಿರಿಗೆ ಇದರ ಬೆಲೆ ಗೊತ್ತಾಗುತ್ತೆ!

1885ರಲ್ಲಿ ಜಪಾನ್‌ನಿಂದ ಪ್ಲಮ್ ಸಸಿಗಳನ್ನು ತರಿಸಿದರು. ಬೇರೆ ಬೇರೆ ಪ್ಲಮ್‌ಗಳ ಪರಾಗ ಸೇರಿಸಿ ಬೀಜ ಪಡೆದರು. ಬೀಜದ ಗಿಡ ಹಣ್ಣು ಬಿಡಲು ವರ್ಷಗಟ್ಟಲೆ ಕಾಯಬೇಕಲ್ಲ? ಅದಕ್ಕೆ ಪುಟ್ಟ ಸಸಿಯ ಕಡ್ಡಿಯನ್ನೇ ಬೆಳೆದ ಮರಕ್ಕೆ ಕಸಿ ಕಟ್ಟುತ್ತಿದ್ದರು. ಒಂದೇ ಮರದಲ್ಲಿ ನೂರಾರು ಬಗೆ! ರುಚಿ ನೋಡಿ, ಒಳ್ಳೆಯದನ್ನು ಉಳಿಸಿಕೊಂಡು ಉಳಿದದ್ದನ್ನು ತೆಗೆದುಹಾಕುತ್ತಿದ್ದರು. ಹಾಗೆ ಬಂದ ಸಾಂಟಾ ರೋಸಾ ಪ್ಲಮ್ 1906ರಲ್ಲಿ ಹೊರಬಂತು. ಒಟ್ಟು 800ಕ್ಕೂ ಹೆಚ್ಚು ತಳಿಗಳು ಅವರವು. ಪರಮಹಂಸ ಯೋಗಾನಂದರು ತಮ್ಮ ಆತ್ಮಕಥೆಯನ್ನು ಅರ್ಪಿಸಿದ್ದು ಇವರಿಗೇ.

ಅವರಲ್ಲೂ ಕೊರತೆ ಇತ್ತು. ಯಾವುದಕ್ಕೆ ಯಾವುದನ್ನು ಸೇರಿಸಿದೆ ಎಂದು ಸರಿಯಾಗಿ ಬರೆದಿಡುತ್ತಿರಲಿಲ್ಲ. 1905ರಿಂದ ವರ್ಷಕ್ಕೆ 10,000 ಡಾಲರ್ ಕೊಡುತ್ತಿದ್ದ ಕಾರ್ನೆಗಿ ಸಂಸ್ಥೆ ಕೆಲವೇ ವರ್ಷಗಳಲ್ಲಿ ನಿಲ್ಲಿಸಿತು. ಮುಳ್ಳಿಲ್ಲದ ಕಳ್ಳಿಯನ್ನು ದನಗಳ ಮೇವಿಗೆಂದು ತಯಾರಿಸಿದರು, ಅದೂ ಅಂದುಕೊಂಡಂತೆ ಗೆಲ್ಲಲಿಲ್ಲ.

ಈಗ ಮಗಳ ಪ್ರಶ್ನೆ. ಆಗ ಗಿಡಗಳಿಗೆ ಪೇಟೆಂಟ್ ಇರಲಿಲ್ಲ. ಒಂದು ಗಿಡ ಮಾರಿದರೆ ಮುಗೀತು, ಕೊಂಡವರು ಕಡ್ಡಿ ಕತ್ತರಿಸಿ ಸಾವಿರ ಗಿಡ ಮಾಡಬಹುದಿತ್ತು. ಅವರ ವರ್ಷಗಳ ಶ್ರಮಕ್ಕೆ ಏನೂ ಸಿಗುತ್ತಿರಲಿಲ್ಲ. ಈ ಕೊರಗು ಅವರಿಗೆ ಕೊನೆತನಕ ಇತ್ತು. ಅವರು ತೀರಿಕೊಂಡಿದ್ದು 1926ರ ಏಪ್ರಿಲ್ 11ರಂದು. ಗಿಡಗಳಿಗೆ ಪೇಟೆಂಟ್ ಕೊಡುವ ಕಾನೂನು ಬಂದಿದ್ದು 1930ರಲ್ಲಿ! ಅದಕ್ಕೇ ಇಂದು ಪೇಟೆಂಟ್ ಇರುವ ತಳಿಯ ಕಡ್ಡಿಯನ್ನು ನಾವು ಹಂಚಬಾರದು. ಸಾಂಟಾ ರೋಸಾ ಹಳೆಯದು, ಎಲ್ಲರಿಗೂ ಸೇರಿದ್ದು.

ಸಾಫ್ಟ್‌ವೇರ್ ಬರೆಯುವ ನನಗೆ ಎರಡೂ ಕಡೆ ಅರ್ಥವಾಗುತ್ತೆ. ಮಾಡಿದವರಿಗೆ ಪಾಲು ಸಿಗಬೇಕು, ಹಂಚಿಕೊಂಡರೇ ಒಳ್ಳೆಯದು ಉಳಿಯೋದು. ಮಗಳಿಗೆ ಅಷ್ಟೇ ಹೇಳಿದೆ: ಅವರಿಗೆ ದುಡ್ಡು ಕೊಡೋಕಾಗಲ್ಲ ಪುಟ್ಟಿ, ಹೆಸರಾದರೂ ನೆನಪಿಟ್ಟುಕೊಳ್ಳೋಣ ಅಂತ. ನಮ್ಮ ಕಸಿ ಹಿಡಿದಿದೆ, ಮೂರು ಎಲೆ ಬಂದಿದೆ. ಕೊಂಬೆಗೆ ಅವಳೇ ಒಂದು ಚೀಟಿ ಕಟ್ಟಿದ್ದಾಳೆ. ಅದರಲ್ಲಿ ಕನ್ನಡದಲ್ಲಿ ಹಣ್ಣಿನ ಹೆಸರು, ತಾರೀಖು, ಕೆಳಗೆ ಬರ್ಬ್ಯಾಂಕ್ ತಾತ ಎಂದು ಬರೆದಿದ್ದಾಳೆ. ಹಣ್ಣು ಬಿಟ್ಟಾಗ ನಿಮ್ಮ ತರಗತಿಗೂ ತರುತ್ತೇವೆ. ಕಡ್ಡಿ ಬೇಕಾದವರು ಈಗಲೇ ಹೇಳಿಡಿ!